ಉಂಡಿಯೇನು, ಮಲಗಿದ್ದಿಯೇನು, ಜಗಳಾಡಿದಿಯೇನು?

ನಮ್ಮ ಸೋದರತ್ತೆಗೆ ಸೈಕಲ್ ತುಳಿಯಲೂ ಬರುವುದಿಲ್ಲ. ಆದರೂ ಆಕೆ ಕಾಲಿಟ್ಟ ಯಾವ ಬಸ್ಸೂ ಆಕೆಯ ಅಪ್ಪಣೆಯಿಲ್ಲದೆ ಇವತ್ತಿನವರೆಗೆ ಬಳ್ಳಾರಿ ಬಸ್ ಸ್ಟ್ಯಾಂಡು ಬಿಟ್ಟು ಹೊರಟಿಲ್ಲ ಎಂದರೆ ನೀವು ನಂಬಬೇಕು. ನಂಬಿಕೆ ಬರದಿದ್ದರೆ ಸಿರುಗುಪ್ಪದ ಬಸ್ಸು ನಿಲ್ಲುವ ಕಡೆ ಹೋಗಿ ಯಾವ ಡ್ರೈವರನ್ನಾದರೂ ಕೇಳಿ. ಆತ ಮೊದಲು ನಗುತ್ತಾನೆ. ಆಮೇಲೆ ಸುತ್ತಮುತ್ತ ನೋಡಿ, ಆಕೆ ಎಲ್ಲಾದರೂ ಇದ್ದಾಳೆಯೇ ಎಂದು ಖಾತ್ರಿ ಮಾಡಿಕೊಂಡು ಮಾತು ಮುಂದುವರಿಸುತ್ತಾನೆ.

ಅತ್ತೆಯ ಪದ್ಧತಿ ಹೀಗೆ. ವಾಹನ ಯಾವುದೇ ಇರಲಿ, ಹತ್ತುವ ಮೊದಲು ಅದನ್ನು ನಡೆಸುವವನ ಮುಂದೆ ಹೋಗಿ ನಿಲ್ಲುತ್ತಾಳೆ. ಸೆರಗು ಸರಿಮಾಡಿಕೊಳ್ಳುತ್ತಾಳೆ. ಆತನ ಮುಖವನ್ನು, ಮಾರ್ಕೆಟ್ಟಿನಲ್ಲಿ ಬದನೆಕಾಯಿ ನೋಡುವ ಹಾಗೆ, ಈ ಕಡೆಯಿಂದ ಒಮ್ಮೆ ಆ ಕಡೆಯಿಂದ ಒಮ್ಮೆ ನೋಡುತ್ತಾಳೆ. ನಂತರ ಮೂರು ಪ್ರಶ್ನೆ. ಉಂಡಿಯೇನಪ್ಪಾ? ರಾತ್ರಿ ಚಲೋ ನಿದ್ದಿ ಆತೇನು? ಮನ್ಯಾಗ ಜಗಳ ಆಡಿ ಬಂದಿಲ್ಲಲ್ಲ? ಮೂರಕ್ಕೂ ಸಮಾಧಾನದ ಉತ್ತರ ಬಂದರೆ ಹತ್ತುತ್ತಾಳೆ. ಬಾರದಿದ್ದರೆ ಹತ್ತುವುದಿಲ್ಲ; ಹತ್ತಿ ಕೂತವರನ್ನೂ ಇಳಿಸುತ್ತಾಳೆ.

ಹಿಂದೆ ಯಾವುದಾದರೂ ಅಪಘಾತ ಆಗಿರಬೇಕು, ಅದಕ್ಕೇ ಪಾಪ ಹೀಗೆ ಎಂದು ಕನಿಕರಪಡುವವರಿದ್ದಾರೆ. ಅವರ ಕನಿಕರ ವ್ಯರ್ಥ. ಸಿರುಗುಪ್ಪದಲ್ಲಿದ್ದ ಆಕೆಯ ಗಂಡ, ನಮ್ಮ ಮಾವ, ಜ್ವರ ಬಂದು, ಸ್ವಂತ ಹಾಸಿಗೆಯಲ್ಲಿ ಮಲಗಿ, ಯಾವ ವಾಹನದ ನೆರವೂ ಇಲ್ಲದೆ ತೀರಿಕೊಂಡರು. ಅತ್ತೆಯ ವಾದ ಬೇರೆ. ಬಾವಿ ನೀರು ಕುಡಿಯುವಾಗ ಸಿಹಿಯೋ ಉಪ್ಪೋ ಎಂದು ಕೇಳುತ್ತೇವೆ, ಎರಡು ದಿನ ಉಡುವ ಸೀರೆಯ ಬಣ್ಣ ಬಿಡುತ್ತದೆಯೇ ಎಂದು ಕೇಳುತ್ತೇವೆ, ಜೀವವನ್ನೇ ಕೈಗೆ ಕೊಟ್ಟು ಕೂರುವಾಗ ಆ ಕೈಯವನನ್ನು ಒಂದು ಮಾತು ಕೇಳಬಾರದೇ? ಈ ವಾದಕ್ಕೆ ಉತ್ತರ ಹುಡುಕುತ್ತ ನಾನು, ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಕಲಿಸುವ ಮೇಷ್ಟ್ರು, ತಲೆಕೂದಲು ಅರ್ಧ ಕಳೆದುಕೊಂಡಿದ್ದೇನೆ.

ಒಮ್ಮೆ ಕುರುಗೋಡಿನಲ್ಲಿ ನಮ್ಮ ದಾಯಾದಿಗಳ ಮದುವೆ. ಅಪ್ಪ, ನಾನು, ತಂಗಿ, ಅತ್ತೆ ಎಲ್ಲರೂ ಬಸ್ಸಿನ ಹತ್ತಿರ ಬಂದೆವು. ಡ್ರೈವರ್ ಎಳೆಯ ವಯಸ್ಸಿನವ, ಸುಳ್ಳು ಹೇಳುವ ಅಭ್ಯಾಸ ಇನ್ನೂ ಆಗಿರಲಿಲ್ಲ. ಮೊದಲೆರಡು ಪ್ರಶ್ನೆ ದಾಟಿದ. ಮೂರನೆಯದಕ್ಕೆ ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು, "ಆಡೀನ್ರಿ ಅಮ್ಮ," ಎಂದುಬಿಟ್ಟ. ಯಾಕೆ ಎಂದರೆ, ಹೆಂಡತಿ ತವರಿಗೆ ಹೋಗುತ್ತೇನೆ ಎಂದಳು, ಈತ ಹೋಗು ಎಂದ. ಅಷ್ಟು ಬೇಗ ಹೋಗು ಎಂದದ್ದಕ್ಕೆ ಜಗಳವಂತೆ. ಅತ್ತೆ ಅಲ್ಲೇ ಫೋನು ಮಾಡಿಸಿದಳು. ಆ ಕಡೆಯಿಂದ ಹೆಂಡತಿ ಎತ್ತಲಿಲ್ಲ. ಮತ್ತೆ ಮಾಡಿಸಿದಳು. ಈಗ ಬಸ್ಸಿನ ತುಂಬ ಜನರಿಗೆ ವಿಷಯ ತಿಳಿದು, ಒಬ್ಬೊಬ್ಬರೂ ತಮ್ಮ ಸಂಸಾರದ ಅನುಭವದಿಂದ ಒಂದೊಂದು ಸಲಹೆ ಕೊಡತೊಡಗಿದರು. ಮೆಣಸಿನಕಾಯಿ ಚೀಲದ ಮೇಲೆ ಕೂತಿದ್ದ ಒಬ್ಬ ರೈತರು ತಪ್ಪು ಯಾರದ್ದೇ ಇರಲಿ ಮೊದಲು ಗಂಡನೇ ಒಪ್ಪಿಕೊಳ್ಳಬೇಕು ಎಂದರು. ಅವರ ಪಕ್ಕದಲ್ಲಿದ್ದ ಅವರ ಹೆಂಡತಿ, ಹಾಗಾದರೆ ನೀವು ಯಾವಾಗ ಒಪ್ಪಿಕೊಂಡಿದ್ದೀರಿ ಎಂದು ಕೇಳಿ ಅಲ್ಲೇ ಇನ್ನೊಂದು ಜಗಳ ಶುರುವಾಯಿತು. ಅಂತೂ ಡ್ರೈವರನ ಹೆಂಡತಿ ಫೋನು ಎತ್ತಿದಳು, ಅತ್ತೆಯೇ ಮಾತಾಡಿದಳು, ಆ ಕಡೆಯಿಂದ ನಗು ಕೇಳಿಸಿತು, ಬಸ್ಸು ಹೊರಟಿತು. ನಾವು ಕುರುಗೋಡು ಮುಟ್ಟುವ ಹೊತ್ತಿಗೆ ಅಕ್ಷತೆ ಬಿದ್ದು, ಮದುಮಕ್ಕಳು ಕೂತು, ಎಲೆ ಹಾಸಿದ್ದರು. ಒಂದು ಸಂಸಾರ ಉಳಿಸಿ ಬರುವಷ್ಟರಲ್ಲಿ ಇನ್ನೊಂದು ಸಂಸಾರ ನಮ್ಮನ್ನು ಕಾಯದೆ ಶುರುವಾಗಿಬಿಟ್ಟಿತ್ತು.

ಇನ್ನೊಮ್ಮೆ ಸಿರಿಗೇರಿಯಿಂದ ನಮ್ಮ ನೆಂಟರೊಬ್ಬರು ಬೈಕಿನ ಮೇಲೆ ಅತ್ತೆಯನ್ನು ಕೂರಿಸಿಕೊಂಡು ಸಿರುಗುಪ್ಪಕ್ಕೆ ಹೊರಟರು. ಹೊರಡುವಾಗ ಮೂರಕ್ಕೂ ಸರಿಯಾಗಿ ಉತ್ತರಿಸಿದ್ದರು. ಅರ್ಧ ದಾರಿಯಲ್ಲಿ ಪಾಪ, ಒಂದು ಆಕಳಿಕೆ ಬಂತು. ಅತ್ತೆ ಕನ್ನಡಿಯಲ್ಲಿ ನೋಡಿದಳು. ಬೈಕು ನಿಲ್ಲಿಸಿ, ಕಾಲುವೆ ದಂಡೆಯ ಬೇವಿನ ಮರದ ಕೆಳಗೆ ಅವರನ್ನು ಮಲಗಿಸಿ, ಎದ್ದು ಓಡಿಹೋಗದ ಹಾಗೆ ಬೀಗದಕೈಯನ್ನು ಸೆರಗಿಗೆ ಕಟ್ಟಿಕೊಂಡು ಪಕ್ಕದಲ್ಲಿ ಕೂತಳು. ಅವರ ಫೋನೂ ಆಕೆಯ ಬಳಿಯೇ. ಹೊತ್ತಾದರೂ ಬರಲಿಲ್ಲವೆಂದು ಸಿರುಗುಪ್ಪದವರು ಹುಡುಕಿಕೊಂಡು ಬಂದು, ದೂರದಿಂದ ನೋಡಿದರೆ ಏನಿದೆ? ದಂಡೆಯಲ್ಲಿ ಓರೆಯಾಗಿ ನಿಂತ ಬೈಕು, ಮಲಗಿದ ಗಂಡಸು, ಪಕ್ಕದಲ್ಲಿ ತಲೆ ಮೇಲೆ ಕೈಹೊತ್ತು ಕೂತ ಹೆಂಗಸು. ಬಂದವರಲ್ಲಿ ಒಬ್ಬರು ಅಲ್ಲಿಂದಲೇ ಎದೆ ಬಡಿದುಕೊಂಡು ಅಳಲು ಶುರುಮಾಡಿದರು. ಆ ಸದ್ದಿಗೆ ನೆಂಟರಿಗೆ ಎಚ್ಚರವಾಗಿ ಎದ್ದು ಕೂತರು. ಅತ್ತೆಗೆ ಸಿಟ್ಟು ಬಂದದ್ದು ಆಗ. ಇನ್ನೂ ಸ್ವಲ್ಪ ಮಲಗಿಸಬೇಕಿತ್ತಂತೆ.

ಸತ್ಯನಾರಾಯಣಪೇಟೆಯ ನಮ್ಮ ಓಣಿಯ ಆಟೋದವರು ಮಾತ್ರ ಜಾಣರು. ದೂರದಿಂದ ಅತ್ತೆಯನ್ನು ಕಂಡರೆ ಸಾಕು, "ಉಂಡೀನಿ, ಮಲಗೀನಿ, ಜಗಳಿಲ್ಲ, ಹತ್ತ್ರಿ," ಎಂದು ಮಗ್ಗಿ ಒಪ್ಪಿಸುತ್ತಾರೆ. ಅವರಲ್ಲಿ ಒಬ್ಬನಿಗೆ ಮದುವೆ ಆಗಿರಲಿಲ್ಲ. ಮೂರನೆಯ ಪ್ರಶ್ನೆಗೆ ಏನು ಹೇಳಬೇಕು ಎಂದು ಪ್ರತಿಸಲ ತಡವರಿಸುತ್ತಿದ್ದ. ಈ ತೊಡಕು ಅತ್ತೆಗೆ ಸಹಿಸಲಾಗಲಿಲ್ಲ. ಸಿರುಗುಪ್ಪದ ಕಡೆಯಿಂದ ಒಂದು ಹೆಣ್ಣು ಹುಡುಕಿ ಆತನಿಗೆ ಮದುವೆ ಮಾಡಿಸಿದಳು. ಈಗ ಆತ ಉತ್ತರಿಸುತ್ತಾನೆ, ಆದರೆ ಮೊದಲಿನಷ್ಟು ಉತ್ಸಾಹದಿಂದಲ್ಲ.

ಇಷ್ಟೆಲ್ಲ ಊರಿನ ಡ್ರೈವರುಗಳ ಸಂಸಾರ ಸರಿಮಾಡುವ ಅತ್ತೆಗೆ ನಮ್ಮ ಮನೆಯ ಒಂದು ವಿಷಯ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅದು ನನ್ನ ತಂಗಿಯ ಮದುವೆ.

ಇಲ್ಲಿ ಸ್ವಲ್ಪ ಹಿಂದಿನದನ್ನು ಹೇಳಬೇಕು. ತಂಗಿ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದಾಗ ಅವ್ವ ತೀರಿಕೊಂಡಳು. ಮಕ್ಕಳಿಲ್ಲದ, ಗಂಡನೂ ಇಲ್ಲದ ಅತ್ತೆ ಸಿರುಗುಪ್ಪದ ಮನೆಗೆ ಬೀಗ ಹಾಕಿ, ಭತ್ತದ ಗದ್ದೆಯನ್ನು ಬೆಳೆಯ ಪಾಲಿನ ಮೇಲೆ ಕೋರಿಗೆ ಕೊಟ್ಟು, "ಒಂದು ತಿಂಗಳು ಇದ್ದು ಹೊಕ್ಕೀನಿ," ಎಂದು ನಮ್ಮ ಮನೆಗೆ ಬಂದಳು. ಆ ತಿಂಗಳು ಇನ್ನೂ ಮುಗಿದಿಲ್ಲ. ತಂಗಿಯನ್ನು ಎತ್ತಿ ಆಡಿಸಿದವಳು, ಜಡೆ ಹಾಕಿದವಳು, ಸಾಲಿಗೆ ಕಳಿಸಿದವಳು, ಪರೀಕ್ಷೆಯಲ್ಲಿ ನಪಾಸಾದಾಗ ಮೇಷ್ಟರ ಮನೆಗೆ ಹೋಗಿ, ನಿಮಗ ರಾತ್ರಿ ನಿದ್ದಿ ಆಗಿತ್ತೇನ್ರಿ ಎಂದು ಕೇಳಿ ಬಂದವಳು, ಎಲ್ಲಾ ಅತ್ತೆಯೇ.

ಅಂಥ ತಂಗಿ ಒಬ್ಬ ಬಂಗಾಲಿಯನ್ನು ಮೆಚ್ಚಿದಳು. ರೈಲ್ವೆಯಲ್ಲಿ ಸಿಗ್ನಲ್ ಕೆಲಸದ ಮೇಲೆ ಬಳ್ಳಾರಿಗೆ ಬಂದು ನಮ್ಮ ಓಣಿಯ ಕೊನೆಯ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದ ಹುಡುಗ. ರೈಲುಗಳಿಗೆಲ್ಲ ಕೆಂಪು ದೀಪ ತೋರಿಸುವ ಕೆಲಸದವನು ನಮ್ಮ ಮನೆಯ ಕಡೆ ಹಸಿರು ತೋರಿಸಿದ್ದು ನಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದಾಗ ಅಪ್ಪ ಒಂದು ವಾರ ಮುನಿಸಿಕೊಂಡು, ಆಮೇಲೆ ಒಪ್ಪಿದರು. ಅತ್ತೆ ಬೇಡ ಎನ್ನಲಿಲ್ಲ. ಹೂಂ ಎನ್ನಲೂ ಇಲ್ಲ. ಆತನಿಗೆ ಕೋಲ್ಕತ್ತೆಗೆ ವರ್ಗವಾಗಿ ಮದುವೆ ಅಲ್ಲೇ ನಿಶ್ಚಯವಾದಾಗ, ನಾವೆಲ್ಲ ಹೊರಟು ನಿಂತರೆ ಅತ್ತೆ ಹೊರಡಲಿಲ್ಲ. ಮನೆ ಕಾಯಲು ಯಾರಾದರೂ ಬೇಕಲ್ಲ ಎಂದಳು. ನಮ್ಮ ಮನೆಯಲ್ಲಿ ಕಳ್ಳ ಹೊಕ್ಕರೆ ಕಳ್ಳನೇ ಏನಾದರೂ ಇಟ್ಟುಹೋಗಬೇಕು, ಆ ಮಾತು ಬೇರೆ.

ಆಗಿನಿಂದ ಆಕೆ ತಂಗಿಯೊಂದಿಗೆ ಫೋನಿನಲ್ಲಿ ದಿನಾ ಮಾತಾಡುತ್ತಿದ್ದಳು. ಅಡುಗೆ, ತಲೆನೋವು, ಅಲ್ಲಿನ ಬೆಲ್ಲದ ಬಣ್ಣ, ಎಲ್ಲವನ್ನೂ. ಆದರೆ ಅಳಿಯ ಮಾತಾಡುತ್ತಾನಂತೆ ಎಂದ ಕೂಡಲೇ ಸತ್ಯನಾರಾಯಣಪೇಟೆಯ ಅಷ್ಟೂ ಟವರುಗಳು ಒಮ್ಮೆಗೇ ಬಿದ್ದುಹೋಗುತ್ತಿದ್ದವು. ಹಲೋ ಹಲೋ ಎಂದು ಎರಡು ಸಲ ಕೂಗಿ ಫೋನು ನನ್ನ ಕೈಗೆ ಕೊಡುತ್ತಿದ್ದಳು. ನಾನು ಹಿಡಿದರೆ ಗಂಟೆಯ ನಾದದಂತೆ ಸ್ಪಷ್ಟ! ಬೇರೆ ಭಾಷೆಯವನು, ಮೀನು ತಿನ್ನುವವನು, ನಮ್ಮ ಹುಡುಗಿಯನ್ನು ಇಷ್ಟು ದೂರ ಕರೆದುಕೊಂಡು ಹೋದವನು. ಯಾವ ಕಾರಣಕ್ಕೆ ಸಿಟ್ಟು ಎಂದು ನಾವು ನಾವೇ ಊಹಿಸಿಕೊಂಡೆವು. ತಂಗಿ ಮಾತ್ರ ಒಳಗೊಳಗೇ ನೊಂದಳು. ಅತ್ತೆ ಒಪ್ಪದ ಮದುವೆ ತನಗೆ ಅರ್ಧ ಮದುವೆ ಎಂದು ನನ್ನೊಂದಿಗೆ ಒಂದೆರಡು ಸಲ ಹೇಳಿದ್ದಳು.

ಹೋದ ವರ್ಷ ತಂಗಿ ಬಸುರಿಯಾದಳು. ಫೋನು ಮಾಡಿ ಅತ್ತೆಗೆ, ನೀನು ಬರಬೇಕು ಎಂದಳು. ಅಷ್ಟೇ. ಅತ್ತೆ ಆ ರಾತ್ರಿಯೇ ಜೋಳದ ಹಿಟ್ಟು, ಗುರೆಳ್ಳು ಪುಡಿ, ಸಿರುಗುಪ್ಪದ ಅಕ್ಕಿ ಎಲ್ಲ ಕಟ್ಟತೊಡಗಿದಳು. ಅಕ್ಕಿ ಅಲ್ಲಿಯೂ ಸಿಗುತ್ತದೆ ಎಂದೆ. ಅಲ್ಲಿಯ ಅಕ್ಕಿಗೆ ನಮ್ಮ ಹುಡುಗಿಯ ಗುರುತಿಲ್ಲ ಎಂದಳು. ಅಪ್ಪನಿಗೆ ಕಾಲುನೋವು, ಅವರನ್ನು ನೋಡಿಕೊಳ್ಳಲು ನನ್ನ ಹೆಂಡತಿ ಉಳಿದಳು, ಹಾಗಾಗಿ ಜೊತೆಗೆ ನಾನೇ ಹೊರಟೆ.

ರೈಲಿನ ಪ್ರಯಾಣದ ಬಗ್ಗೆ ಹೆಚ್ಚು ಹೇಳಲಾರೆ, ನನಗೆ ಈಗಲೂ ಬೆವರು ಬರುತ್ತದೆ. ಬಳ್ಳಾರಿ ಸ್ಟೇಷನ್ನಿನಲ್ಲಿ ಹೌರಾದ ಗಾಡಿ ಬಂದು ನಿಂತ ಕೂಡಲೇ ಅತ್ತೆ ನಮ್ಮ ಡಬ್ಬಿ ಬಿಟ್ಟು ಎಂಜಿನ್ನಿನ ಕಡೆ ನಡೆದಳು. ನಾನು ಒಂದು ಕೈಯಲ್ಲಿ ಅಕ್ಕಿ ಚೀಲ, ಇನ್ನೊಂದರಲ್ಲಿ ಅತ್ತೆಯನ್ನು ಎಳೆದುಕೊಂಡು ಹತ್ತಿದೆ. ಕಡೆಗೆ ಟಿಕೆಟ್ ನೋಡಲು ಬಂದವರಿಗೇ ಮೂರೂ ಪ್ರಶ್ನೆ ಒಪ್ಪಿಸಿ, ಎಂಜಿನ್ನಿನವನಿಗೆ ಮುಟ್ಟಿಸಿರಿ ಎಂದಳು. ಆ ಪುಣ್ಯಾತ್ಮ ಸ್ವಲ್ಪ ಹೊತ್ತಿನ ನಂತರ ಮರಳಿ ಬಂದು, ಡ್ರೈವರ್ ಉಂಡಿದ್ದಾರೆ, ಮಲಗಿದ್ದಾರೆ, ಅವರ ಮನೆಯಲ್ಲಿ ಶಾಂತಿ ಇದೆ ಎಂದು ವರದಿ ಕೊಟ್ಟರು. ಕೇಳಿದರೋ ಇಲ್ಲವೋ ದೇವರಿಗೇ ಗೊತ್ತು. ಅತ್ತೆ ಇನ್ನೇನು ಕಾಲು ಚಾಚಬೇಕು, ಪಕ್ಕದ ಸೀಟಿನವರು ಗುಂತಕಲ್ಲಿನಲ್ಲಿ ಡ್ರೈವರ್ ಬದಲಾಗುತ್ತಾನೆ ಎಂದು ಸಹಜವಾಗಿ ಹೇಳಿದರು. ಅವರಿಗೆ ಒಳ್ಳೆಯದಾಗದಿರಲಿ.

ಕೋಲ್ಕತ್ತೆಯಲ್ಲಿ ಅಳಿಯ ಸ್ಟೇಷನ್ನಿಗೆ ಬಂದು ಅತ್ತೆಯ ಕಾಲಿಗೆ ನಮಸ್ಕರಿಸಿದ. ಅತ್ತೆ, "ಆರಾಮ ಅದೀರೇನ್ರಿ?" ಎಂದಳು. ನಮ್ಮ ಕಡೆಯ ಭಾಷೆ ಬಲ್ಲವರಿಗೆ ಇದರ ಪೆಟ್ಟು ಅರ್ಥವಾಗುತ್ತದೆ. ತಹಸೀಲ್ದಾರರಿಗೆ, ಸಾಲ ವಸೂಲಿಗೆ ಬಂದವರಿಗೆ, ಒಟ್ಟಿನಲ್ಲಿ ಆದಷ್ಟು ಬೇಗ ಎದ್ದು ಹೋಗಲಿ ಎನಿಸುವವರಿಗೆ ನಾವು ರೀ ಹಚ್ಚಿ ಮಾತಾಡುತ್ತೇವೆ. ಹೊಟ್ಟೆಯಲ್ಲಿ ಹುಟ್ಟಿದವರಿಗೆ, ಎದೆಗೆ ಹತ್ತಿರದವರಿಗೆ ಲೇ. ಮನೆಯಲ್ಲಿಯೂ ಅಷ್ಟೇ: ಕೂಡ್ರಿ, ಉಣ್ರಿ, ಹೋಗಿ ಬರ್ರಿ. ಮರ್ಯಾದೆಯ ಈ ಗೋಡೆಗೆ ಅಳಿಯ ದಿನಾ ಹಣೆ ಚಚ್ಚಿಕೊಂಡ.

ಅವನೇನೂ ಕಡಿಮೆ ಪ್ರಯತ್ನ ಪಡಲಿಲ್ಲ. ಅತ್ತೆ ಇರುವಷ್ಟು ದಿನ ಮನೆಗೆ ಮೀನು ತರಲಿಲ್ಲ. ಅತ್ತೆ ಅದನ್ನು ಕೇಳಿರಲೂ ಇಲ್ಲ. ಮನೆಯ ಬೆಕ್ಕು ಮಾತ್ರ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಜೋಳದ ರೊಟ್ಟಿ ತಟ್ಟುತ್ತಿದ್ದ ಅತ್ತೆಯನ್ನು ಬಂಗಾಲಿಯಲ್ಲಿ ಶಪಿಸುತ್ತಿತ್ತು. ಅಳಿಯ ಕನ್ನಡದಲ್ಲೇ ಮಾತಾಡುತ್ತಿದ್ದ. ಬಳ್ಳಾರಿಯಲ್ಲಿದ್ದಾಗ ಕಲಿತದ್ದು, ಅಷ್ಟಿಷ್ಟು ತಂಗಿ ಕಲಿಸಿದ್ದು. ಆದರೆ ಬಂಗಾಲಿಯಲ್ಲಿ ಅವನು ಅವಳು ಎಂಬ ಭೇದವೇ ಇಲ್ಲವಂತೆ. ಹಾಗಾಗಿ ಅವನ ಕನ್ನಡದಲ್ಲಿ ಅತ್ತೆ ಬಂದನು, ಬಸ್ಸು ಹೋದಳು, ನಮ್ಮ ಅಪ್ಪ ಕಾಲುನೋವಿನಿಂದ ಮಲಗಿದ್ದಾಳೆ. ಇಡೀ ಜೀವನ ಲಿಂಗ ವಚನ ವಿಭಕ್ತಿ ಕಲಿಸಿದ ನನ್ನ ಸ್ಥಿತಿ ನೀವೇ ಊಹಿಸಿಕೊಳ್ಳಿ.

ಒಂದು ಶನಿವಾರ ಅವನು, ಸಂಜೆ ಗಂಗೆಯ ಮೇಲೆ ದೋಣಿವಿಹಾರ ಹೋಗೋಣ ಎಂದ. ಅಲ್ಲಿಯವರು ಹೂಗ್ಲಿಯನ್ನು ಗಂಗೆ ಎಂದೇ ಕರೆಯುತ್ತಾರೆ. ಸಂಜೆ ಹೊರಟು, ಸೇತುವೆಗಳ ಕೆಳಗೆ ಹಾದು, ಘಾಟುಗಳನ್ನೂ ದೀಪಗಳನ್ನೂ ತೋರಿಸಿ ಮರಳಿ ತಂದುಬಿಡುವ ದೊಡ್ಡ ದೋಣಿ. ಗಂಗೆ ಎಂದ ಮೇಲೆ ಅತ್ತೆ ಬೇಡ ಎನ್ನುವ ಹಾಗಿರಲಿಲ್ಲ. ತುಂಗಭದ್ರೆಯ ದಂಡೆಯವಳು ನೀರಿಗೆ ಹೆದರುವವಳೂ ಅಲ್ಲ. ತಂಗಿಗೆ ಡಾಕ್ಟರು ಹೋಗಬಹುದು ಎಂದಿದ್ದರು.

ಘಾಟಿಗೆ ಬಂದೆವು. ಎರಡಂತಸ್ತಿನ ದೋಣಿ, ಮೇಲೆ ಸಾಲಾಗಿ ಕುರ್ಚಿ, ಬಣ್ಣದ ಬಲ್ಬುಗಳ ಸರ, ಮೈಕು ಹಿಡಿದು ಗಂಟಲು ಸರಿಮಾಡಿಕೊಳ್ಳುತ್ತಿದ್ದ ಒಬ್ಬ ಗೈಡು. ಪ್ರವಾಸಿಗರೆಲ್ಲ ಓಡಿ ಓಡಿ ಅಂಚಿನ ಕುರ್ಚಿ ಹಿಡಿಯುತ್ತಿದ್ದರು. ಅತ್ತೆ ದೋಣಿ ಹತ್ತುವ ಹಲಗೆಯ ಈಚೆ ನಿಂತುಬಿಟ್ಟಳು.

"ಇದನ್ನ ನಡಸಾಂವ ಎಲ್ಲಿ?" ಎಂದಳು.

ನಾನು ಅಳಿಯನ ಕಡೆ ನೋಡಿದೆ. ಅಳಿಯ ತಂಗಿಯ ಕಡೆ ನೋಡಿದ. ತಂಗಿ ಆಕಾಶದ ಕಡೆ ನೋಡಿದಳು. ಅವಳಿಗೆ ಬಂಗಾಲಿ ಚೆನ್ನಾಗಿ ಬರುತ್ತದೆ, ಬೇಕಾದರೆ ಅವಳೇ ಮಾತಾಡಿ ಮುಗಿಸಬಹುದಿತ್ತು. ಆದರೆ ಬೇಕೆಂತಲೇ ಸುಮ್ಮನಿದ್ದಳು ಎಂದು ಆಮೇಲೆ ಹೇಳಿದಳು. ಅತ್ತೆಗೆ ತನ್ನ ಗಂಡನ ಅಗತ್ಯ ಬೀಳಲಿ ಎಂಬುದು ಅವಳ ಲೆಕ್ಕ.

ದೋಣಿ ನಡೆಸುವವನಿಗೆ ಅಲ್ಲಿ ಸಾರೆಂಗ್ ಎನ್ನುತ್ತಾರೆ. ಮುಂಭಾಗದ ಗಾಜಿನ ಕೋಣೆಯಿಂದ ಆತನನ್ನೇ ಕರೆಸಬೇಕಾಯಿತು. ಬಿಳಿ ಗಡ್ಡದ, ಶಾಂತ ಮುಖದ ಹಿರಿಯ. ಅತ್ತೆ ಸಿರುಗುಪ್ಪದ ನೆರೆಮನೆಯವರಿಂದ ಕಲಿತ ಉರ್ದುವಿನಲ್ಲಿ, ಖಾನಾ ಖಾಯಾ ಎಂದು ಕೇಳಿದಳು. ಕೋಲ್ಕತ್ತೆಯ ಟ್ಯಾಕ್ಸಿಯವರ ಮುಂದೆಲ್ಲ ಗೆದ್ದುಬಂದ ಉರ್ದು ಅದು. ಆತ ನಕ್ಕು ಬಂಗಾಲಿಯಲ್ಲಿ ಉದ್ದಕ್ಕೆ ಏನೋ ಹೇಳಿದ. ಅತ್ತೆಯ ಉರ್ದು ಅಲ್ಲಿಗೆ ಮುಗಿಯಿತು. ಬೇರೆ ದಾರಿಯಿಲ್ಲದೆ ಆಕೆ ಅಳಿಯನ ಕಡೆ ತಿರುಗಿದಳು. "ಏನಂತಾರ್ರಿ ಅವರು?"

ಮುರಿ ತಿಂದಿದ್ದಾನಂತೆ ಎಂದ ಅಳಿಯ. ಮುರಿ ಎಂದರೇನು ಎಂದು ವಿಚಾರಿಸಿದರೆ, ನಮ್ಮ ಮಂಡಾಳು, ಅದೇ ಮಂಡಕ್ಕಿ! ಜೊತೆಗೆ ಹಸಿಮೆಣಸಿನಕಾಯಿ. ಬಳ್ಳಾರಿಯ ಮನುಷ್ಯನ ಸಂಜೆಯ ಊಟವನ್ನೇ ಉಂಡ ಆ ಸಾರೆಂಗನ ಮೇಲೆ ಅತ್ತೆಗೆ ಅರ್ಧ ವಿಶ್ವಾಸ ಅಲ್ಲೇ ಬಂತು. ನಿದ್ದೆಯೂ ಆಗಿತ್ತು, ಮಧ್ಯಾಹ್ನ ದೋಣಿಯಲ್ಲೇ ಮಲಗಿದ್ದನಂತೆ. ಉಳಿದದ್ದು ಮೂರನೆಯದು.

ಅಳಿಯ ಇಲ್ಲಿ ತಡೆದ. ಅಪ್ಪನ ವಯಸ್ಸಿನ ಅಪರಿಚಿತನನ್ನು, ನೀನು ಹೆಂಡತಿಯೊಂದಿಗೆ ಜಗಳಾಡಿ ಬಂದೆಯಾ ಎಂದು ಹೇಗೆ ಕೇಳುವುದು? ಅವನ ಕಿವಿ ಕೆಂಪಾಯಿತು. ಟಿಕೆಟ್ಟಿನವರು ಗಡಿಯಾರ ನೋಡುತ್ತಿದ್ದರು, ಮೇಲಿನಿಂದ ಜನ ಬಗ್ಗಿ ನೋಡುತ್ತಿದ್ದರು. ಅವನು ಒಂದು ಉಪಾಯ ಮಾಡಿದ. ಬಂಗಾಲಿಯಲ್ಲಿ ಸಾರೆಂಗನಿಗೆ ಹೆಂಡತಿಯ ಸುದ್ದಿಯನ್ನೇ ಎತ್ತದೆ, ನಿಮ್ಮ ಎಂಜಿನ್ ಸರಿಯಾಗಿದೆಯೇ ಎಂದು ಕೇಳಿಬಿಟ್ಟ. ಸಾರೆಂಗ್ ತನ್ನ ಮೆಚ್ಚಿನ ವಿಷಯ ಬಂತೆಂದು ಕೈ ಆಡಿಸುತ್ತ ಸವಿಸ್ತಾರವಾಗಿ ಉತ್ತರ ಕೊಟ್ಟ. ಅಳಿಯ ಆ ಉತ್ತರವನ್ನು ಪ್ರಾಮಾಣಿಕವಾಗಿ ತನ್ನ ಕನ್ನಡಕ್ಕೆ ತಂದ. ಆ ಕನ್ನಡದಲ್ಲಿ ಎಂಜಿನ್ ಏನಾಗುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ.

"ಅವಳು ಎರಡು ತಿಂಗಳಿಂದ ಬಹಳ ಗಲಾಟೆ ಮಾಡ್ತಿದ್ದಳಂತೆ," ಎಂದ.

ಅತ್ತೆ ತಲೆಯಾಡಿಸಿದಳು. ಯಾಕಂತೆ ಎಂದು ಕೇಳಿಸಿದಳು.

"ವಯಸ್ಸಾಯ್ತಂತೆ ಅವಳಿಗೆ. ಇವತ್ತು ಬೆಳಗ್ಗೆ ಎಣ್ಣೆ ಹಾಕಿದಾನೆ. ಈಗ ಸುಮ್ಮನೆ ಇದಾಳೆ."

"ತಲಿಗೇನು?"

ಅಳಿಯ ಎಂಜಿನ್ನಿಗೆ ಎಣ್ಣೆ ಹಾಕುವ ಜಾಗವನ್ನು ಮನಸ್ಸಿನಲ್ಲಿ ನೆನೆಸಿಕೊಂಡು, ಹೌದು, ಮೇಲಿಂದಲೇ ಹಾಕುವುದು ಎಂದ.

ಅತ್ತೆಯ ಮುಖ ಹೂವಾಯಿತು. ನನ್ನ ಕಡೆ ತಿರುಗಿ, ಗಂಡಸೆಂದರೆ ಹೀಗಿರಬೇಕು, ಈ ವಯಸ್ಸಿನಲ್ಲಿ ಮುನಿಸಿಕೊಂಡ ಹೆಂಡತಿಯ ತಲೆಗೆ ಎಣ್ಣೆ ಹಚ್ಚಿ ಸಮಾಧಾನ ಮಾಡಿ ಕೆಲಸಕ್ಕೆ ಬಂದಿದ್ದಾನೆ, ನೀನು ಒಂದು ದಿನವಾದರೂ ನಿನ್ನ ಹೆಂಡತಿಗೆ ಹಚ್ಚಿದ್ದೀಯಾ ಎಂದು ಕೇಳಿದಳು. ಬಂಗಾಲದ ಎಂಜಿನ್ನಿನ ದೆಸೆಯಿಂದ ನನ್ನ ಸಂಸಾರದ ಮಾನ ಗಂಗೆಯ ಪಾಲಾಯಿತು.

ಇಷ್ಟಕ್ಕೆ ನಿಂತಿದ್ದರೆ ದೋಣಿ ಹೊರಡುತ್ತಿತ್ತು. ಆದರೆ ಸಾರೆಂಗ್ ಮತ್ತೆ ಒಂದು ಮಾತು ಸೇರಿಸಿದ. ಅಳಿಯನಿಗೆ ಈ ಹೊತ್ತಿಗೆ ಎಲ್ಲೋ ಏನೋ ತಪ್ಪಿದೆ ಎಂಬ ಅನುಮಾನ ಬಂದಿತ್ತು. ಆದರೂ ಅತ್ತೆ ಅವನ ಬಾಯನ್ನೇ ನೋಡುತ್ತಿದ್ದಳು. ಮದುವೆಯಾದಂದಿನಿಂದ ಆಕೆ ಅವನನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಆ ನೋಟ ಕಳೆದುಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲವೇನೋ, ಅದನ್ನೂ ಹೇಳಿಬಿಟ್ಟ.

"ಮುಂದಿನ ವರ್ಷ ಮಾಲೀಕರು ಅವಳನ್ನ ತೆಗೆದು, ಹೊಸಬಳನ್ನ ಕೂರಿಸ್ತಾರಂತೆ."

ಅತ್ತೆಯ ಕಣ್ಣುಗಳು ಅಗಲವಾದವು. ಬದುಕಿಡೀ ಬಾಳಿದ ಹೆಂಡತಿಯನ್ನು ತೆಗೆದು ಹೊಸಬಳನ್ನು ತಂದುಕೂರಿಸಲು ಆ ಮಾಲೀಕ ಯಾರು, ಅದಕ್ಕೆ ನಗುನಗುತ್ತ ಒಪ್ಪಿದ ಈ ಮುದುಕ ಯಾರು, ಈತನ ದೋಣಿ ಹತ್ತುವುದಕ್ಕಿಂತ ಈಜಿಕೊಂಡು ಹೋಗುವುದು ಲೇಸು ಎಂದು ಆಕೆ ಬಾಯಿ ತೆಗೆಯುವಷ್ಟರಲ್ಲಿ, ತಂಗಿಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಘಾಟಿನ ಕಂಬಕ್ಕೆ ಒರಗಿ ನಗತೊಡಗಿದಳು. ನಗುತ್ತಲೇ ಎಂಜಿನ್ನಿನ ವಿಷಯ ಬಿಡಿಸಿ ಹೇಳಿದಳು.

ನಾನು ಅತ್ತೆಯ ಮುಖ ನೋಡಲು ಹೆದರಿ ನೀರು ನೋಡಿದೆ. ಆಕೆಯ ಮೂರು ಪ್ರಶ್ನೆಯೊಂದಿಗೆ ಇದುವರೆಗೆ ಯಾರೂ ಆಟವಾಡಿರಲಿಲ್ಲ. ಅಳಿಯ ಕೈಕಟ್ಟಿಕೊಂಡು ನಿಂತಿದ್ದ. ಅತ್ತೆ ಅವನ ಹತ್ತಿರ ಹೋದಳು. ಬಸ್ ಡ್ರೈವರನ್ನು ನೋಡುವ ಹಾಗೆ ಈ ಕಡೆಯಿಂದ ಒಮ್ಮೆ ಆ ಕಡೆಯಿಂದ ಒಮ್ಮೆ ಅವನ ಮುಖ ನೋಡಿದಳು. ಆಕೆಯ ತುಟಿಯ ಕೊನೆ ಅದುರಿತು.

"ಏನಲೇ, ನನಗ ಬಂಡಲ್ ಬಿಡ್ತಿಯೇನಲೇ?"

ಹೇಳಿದ್ದೇ ತಾನೂ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಣಿಯುವ ಹಾಗೆ ನಕ್ಕಳು. ಸಾರೆಂಗನಿಗೆ ವಿಷಯ ತಿಳಿದು ಆತನೂ ನಕ್ಕ. ತಂಗಿಯ ನಗು ಮಾತ್ರ ಅಷ್ಟರಲ್ಲಿ ನಿಂತು ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಅಳಿಯನಿಗೆ ಗಾಬರಿ. ನನ್ನ ಕಿವಿಯ ಹತ್ತಿರ ಬಂದು, ಅತ್ತೆ ನನ್ನನ್ನು ಬೈದನೇ ಎಂದು ಕೇಳಿದ. ಇಲ್ಲಪ್ಪಾ, ಬೈಯುವುದು ಇಷ್ಟು ದಿನ ನಡೆದಿತ್ತು, ಇವತ್ತು ನಿಂತಿತು ಎಂದೆ. ಅರ್ಥವಾಗಲಿಲ್ಲ ಎಂದು ಕಾಣುತ್ತದೆ. ವ್ಯಾಕರಣದಲ್ಲಿ ಇದಕ್ಕೆ ಸೂತ್ರವೂ ಇಲ್ಲ.

ದೋಣಿ ಹೊರಟಿತು. ಸಾರೆಂಗನ ಗಲಾಟೆಯ ಹೆಂಡತಿ ಕೆಳಗೆ ಗುಡುಗುಡು ಎಂದು ಸದ್ದು ಮಾಡುತ್ತಿದ್ದಳು. ಗೈಡು ಮೈಕಿನಲ್ಲಿ ಎಡಕ್ಕೆ ನೋಡಿ ಬಲಕ್ಕೆ ನೋಡಿ ಎನ್ನುತ್ತಿದ್ದ. ಜನ ಎಡಕ್ಕೂ ಬಲಕ್ಕೂ ನೋಡದೆ ತಮ್ಮ ತಮ್ಮ ಫೋನಿನಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತಿದ್ದರು. ಹೊತ್ತು ಮುಳುಗಿ ನೀರು ತಾಮ್ರದ ಬಣ್ಣಕ್ಕೆ ತಿರುಗಿತು. ದೊಡ್ಡ ಸೇತುವೆ ತಲೆಯ ಮೇಲೆ ಬಂದಾಗ ಅದರ ದೀಪಗಳು ಹತ್ತಿಕೊಂಡವು. ಮೇಲೆ ಲಕ್ಷಾಂತರ ಜನ ಓಡಾಡುವ ಸದ್ದು, ಕೆಳಗೆ ನಾವು. ಅತ್ತೆ ಒಂದು ಬೊಗಸೆ ನೀರು ತಲೆಗೆ ಹಾಕಿಕೊಳ್ಳಬೇಕೆಂದಳು, ಎರಡಂತಸ್ತಿನ ಮೇಲಿಂದ ಅದು ಆಗುವಂತಿರಲಿಲ್ಲ. ಕೈ ಮುಗಿದಳು. ಅಳಿಯ ಚಹಾ ತರಲು ಕೆಳಗೆ ಹೋದ, ಹೊರಲು ನೆರವಾಗಲೆಂದು ನಾನೂ ಏಳಬೇಕೆನ್ನುವಷ್ಟರಲ್ಲಿ ತಂಗಿ ಮಾತಾಡಿದ್ದು ಕೇಳಿ ಅಲ್ಲೇ ಕೂತೆ.

"ಅತ್ತಿ, ನನ್ನ ಮದುವಿಗೆ ಯಾಕ ಬರಲಿಲ್ಲ ನೀ?"

ಅಷ್ಟು ವರ್ಷ ನಮ್ಮಲ್ಲಿ ಯಾರೂ ಕೇಳಿರದ ಪ್ರಶ್ನೆ. ಅತ್ತೆ ನೀರನ್ನೇ ನೋಡುತ್ತ ಕೂತಳು.

"ಬಂದಿದ್ರ ಅಳತಿದ್ದೆ," ಎಂದಳು. "ನಿನ್ನ ಒಪ್ಪಿಸಿ ಕೊಡಬೇಕಾಗಿತ್ತಲ್ಲ ನಾ. ಅಳು ತಡಕೊಳ್ಳಾಕ ನನ್ನ ಕೈಲೆ ಆಗತಿರಲಿಲ್ಲ. ಅವರ ಮಂದಿ ನಮ್ಮ ಮಾತು ತಿಳಿಯದವರು. ಈ ಮುದುಕಿಗೆ ಹುಡುಗ ಒಲ್ಲ, ಅದಕ್ಕ ಅಳಾಕತ್ಯಾಳ ಅಂತ ತಿಳಕೊಂತಿದ್ರು. ಪಾಪ, ಆ ಹುಡುಗಗ ಯಾಕ ಕೆಟ್ಟ ಹೆಸರು. ಮನ್ಯಾಗ ಕದಾ ಹಾಕ್ಕೊಂಡು ಅತ್ತಬಿಟ್ಟೆ."

"ಮತ್ತ ಫೋನಿನ್ಯಾಗ ಅವರ ಕೂಡ ಯಾಕ ಮಾತಾಡತಿರಲಿಲ್ಲ?"

ಅತ್ತೆ ತಪ್ಪು ಸಿಕ್ಕ ಹುಡುಗಿಯ ಹಾಗೆ ಸೆರಗಿನ ಅಂಚು ತಿರುವಿದಳು. ಮದುವೆಗೆ ಬಾರದವಳು ಯಾವ ಮುಖ ಇಟ್ಟುಕೊಂಡು ಮಾತಾಡಬೇಕಿತ್ತು ಎಂದಳು. ಒಂದು ದಿನ ಆಯಿತು, ಹತ್ತು ದಿನ ಆಯಿತು, ಆಮೇಲೆ ಹೇಗೆ ಶುರುಮಾಡಬೇಕೋ ತಿಳಿಯಲಿಲ್ಲವಂತೆ. ಯಾವ ಊರಿನ ಯಾವ ಡ್ರೈವರನನ್ನೂ ಹಿಡಿದು ನಿಲ್ಲಿಸಿ ಮಾತಾಡಿಸುವ ಹೆಂಗಸು!

ಅಳಿಯ ಕೈತುಂಬ ಚಹಾದ ಮಣ್ಣಿನ ಕುಡಿಕೆಗಳನ್ನು ಹಿಡಿದು, ಒಂದೊಂದೇ ಹೆಜ್ಜೆ ಜೋಪಾನವಾಗಿ ಇಡುತ್ತ ಬಂದ. ಇಬ್ಬರು ಹೆಂಗಸರೂ ಅಳುತ್ತಿರುವುದನ್ನು ಕಂಡು ಹಾಗೆಯೇ ನಿಂತ. ಅತ್ತೆ ಎದ್ದಳು. ಆ ಕುಡಿಕೆಗಳನ್ನೆಲ್ಲ ಅವನ ಕೈಯಿಂದ ಬಿಡಿಸಿ ನನ್ನ ಕೈಗೆ ಕೊಟ್ಟಳು. ಕುರ್ಚಿಯಲ್ಲಿದ್ದ ತಂಗಿಯನ್ನು ಎಬ್ಬಿಸಿ, ಅವಳ ಬಲಗೈಯನ್ನು ತೆಗೆದು ಅವನ ಅಂಗೈಯಲ್ಲಿ ಇಟ್ಟಳು. ಎರಡರ ಮೇಲೂ ತನ್ನ ಕೈ ಇಟ್ಟು, ನಮ್ಮ ಕಡೆ ಹೆಣ್ಣೊಪ್ಪಿಸುವಾಗ ಹೇಳುವ ಮಾತನ್ನು ಹೇಳಿದಳು. ತಾಯಿಯಿಲ್ಲದ ಕೂಸು, ನಾ ಸಾಕೀನಿ. ಇನ್ನ ನಿನ್ನಾಕಿ. ತಪ್ಪು ಮಾಡಿದ್ರ ಹೊಟ್ಟ್ಯಾಗ ಹಾಕ್ಕೋ.

ಅವನಿಗೆ ಆ ಕನ್ನಡ ಎಷ್ಟು ತಿಳಿಯಿತೋ ಗೊತ್ತಿಲ್ಲ. ತಲೆ ತಗ್ಗಿಸಿ, ಹೂಂ ಅವ್ವ ಎಂದ. ಅಷ್ಟರಲ್ಲಿ ಹಿಂದಿನ ಸಾಲಿನವರು, ಏನೋ ಶುಭಕಾರ್ಯ ನಡೆಯುತ್ತಿದೆ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಸುಡುವ ಚಹಾದ ಕುಡಿಕೆಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗಂಗೆಯ ನಡುವೆ ನಾನೊಬ್ಬನೇ ನಿಂತಿದ್ದೆ. ಕಣ್ಣು ಒರೆಸಿಕೊಳ್ಳಲು ಒಂದು ಕೈಯೂ ಬಿಡುವಿರಲಿಲ್ಲ.